ಸೋಲಮ್ಮನ ದಾಕ್ಷಿಣ್ಯ

ಗೆಲ್ಲುವ ಯಂತ್ರ ಮಾಡುವುದು ಏನು ಮಹಾ. ವಿಡಿಯೋ ಗೇಮಿನಲ್ಲಿ ನಿಮ್ಮೆದುರು ಬಂದೂಕು ಹಿಡಿದು ನಿಂತ ಬೊಂಬೆ ಮನಸ್ಸು ಮಾಡಿದರೆ ನೀವು ಕಣ್ಣು ಮಿಟುಕಿಸುವುದರೊಳಗೆ ನಿಮ್ಮ ಕಥೆ ಮುಗಿಸಬಲ್ಲದು. ಅದಕ್ಕೆ ಗುರಿ ತಪ್ಪುವುದಿಲ್ಲ, ಕೈ ನಡುಗುವುದಿಲ್ಲ, ಹೊಟ್ಟೆ ಹಸಿಯುವುದಿಲ್ಲ. ಆದರೆ ಹಾಗೆ ಮುಗಿಸಿಬಿಟ್ಟರೆ ನೀವು ಆಟವನ್ನು ಮೂಲೆಗೆಸೆದು ಬೇರೆ ಕೆಲಸ ನೋಡಿಕೊಳ್ಳುತ್ತೀರಿ, ನಮ್ಮ ಕಂಪನಿ ಬಾಗಿಲು ಹಾಕಿಕೊಳ್ಳಬೇಕಾಗುತ್ತದೆ. ಆದ್ದರಿಂದ ಯಂತ್ರಕ್ಕೆ ಸೋಲುವುದನ್ನು ಕಲಿಸಬೇಕು. ಅದೂ ಬೇಕೆಂದೇ ಸೋತಿದೆ ಎಂಬ ಅನುಮಾನ ಯಾರಿಗೂ ಬಾರದ ಹಾಗೆ. ನಮ್ಮ ಆಫೀಸಿನಲ್ಲಿ ಆ ಕೆಲಸ ಸೋಲಮ್ಮನದು.

ಆ ಹೆಸರು ಇಟ್ಟವನು ನಾನೇ. ನಾನು ಸದ್ದಿನವನು, ಆಟದಲ್ಲಿ ಕೇಳುವ ಹೆಜ್ಜೆ, ಹಾರ್ನು, ಗಾಜು ಒಡೆಯುವ ಶಬ್ದ ಎಲ್ಲವೂ ನನ್ನ ಕೈ ದಾಟಿಯೇ ಹೋಗಬೇಕು. ಸೇಡಿಗೆ ಅವಳು ನನ್ನನ್ನು ಸದ್ದಪ್ಪ ಎಂದು ಕರೆದಳು, ಅದೇ ಉಳಿದುಕೊಂಡಿತು. ನಮ್ಮಿಬ್ಬರ ಮೇಜುಗಳು ಅಕ್ಕಪಕ್ಕ. ನಮ್ಮಿಬ್ಬರ ನೆಂಟರಿಗೂ ಇದ್ದದ್ದು ಒಂದೇ ಪ್ರಶ್ನೆ: "ಕೂತ್ಕೊಂಡು ಆಟ ಆಡೋದಕ್ಕೂ ಸಂಬಳ ಕೊಡ್ತಾರಾ?" ಕೇಳಿದವರನ್ನು ಎಳೆದು ತಂದು ಒಂದು ವಾರ ಅವಳ ಕುರ್ಚಿಯಲ್ಲಿ ಕೂರಿಸಬೇಕು ಎಂದು ನನಗೆ ಮೈ ಉರಿಯುತ್ತಿತ್ತು. ಅವಳು ಮಾತ್ರ ನಕ್ಕು, "ಹೂಂ, ಕೊಡ್ತಾರೆ. ಸೋತಿದ್ದಕ್ಕೂ ಕೊಡ್ತಾರೆ" ಎನ್ನುತ್ತಿದ್ದಳು.

ಈ ವಿದ್ಯೆ ಅವಳಿಗೆ ಕಾಲೇಜಿನಲ್ಲಿ ಬಂದದ್ದಲ್ಲ. ಅವಳ ತಾಯಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದವರು. ಸಂಜೆ ಪಾಳಿಯಿದ್ದ ದಿನ ಒಂದು ಕೋಣೆ, ಒಂದು ಅಡುಗೆಮನೆಯಲ್ಲಿ ಅಕ್ಕತಂಗಿ ಇಬ್ಬರೇ. ತಂಗಿ ಪುಟ್ಟಿ ತುಂಬ ಚಿಕ್ಕವಳು, ಹಟಮಾರಿ. ಇಬ್ಬರ ನಡುವೆ ಒಂದು ದಾಳದ ಆಟದ ಹಲಗೆ. ಪುಟ್ಟಿ ಸೋತರೆ ಮನೆಯ ಮಾಡು ಹಾರಿಹೋಗುವಂತೆ ಅಳು. ತಾಯಿ ಹೊರಡುವಾಗಲೆಲ್ಲ ಬಾಗಿಲಲ್ಲಿ ನಿಂತು, "ಚಿಕ್ಕವಳು ಕಣೇ, ಬಿಟ್ಕೊಡು" ಎಂದು ಹೇಳಿ ಹೋಗುತ್ತಿದ್ದರು. ಸೋಲಮ್ಮ ಬಿಟ್ಟುಕೊಟ್ಟಳು. ಒಂದು ದಿನ ಅವಳು ದಾಳದಲ್ಲಿ ಬಿದ್ದದ್ದಕ್ಕಿಂತ ಒಂದು ಮನೆ ಕಡಿಮೆ ಕಾಯಿ ನಡೆಸಿದ್ದು ಪುಟ್ಟಿಯ ಕಣ್ಣಿಗೆ ಬಿತ್ತು. ಗೆದ್ದ ಖುಷಿಯಲ್ಲಿ ಕುಣಿಯಬೇಕಾದ ಹುಡುಗಿ ಹಲಗೆಯನ್ನು ಎತ್ತಿ ಗೋಡೆಗೆ ಬಡಿದಳು. ಅವತ್ತಿನಿಂದ ಎಷ್ಟೋ ದಿನ ಅಕ್ಕನನ್ನು ಅಕ್ಕ ಎನ್ನಲಿಲ್ಲ. ಏನಿದ್ದರೂ "ಅಮ್ಮಾ, ಇವಳಿಗೆ ಹೇಳು" ಎಂದೇ ಮಾತು. ಅದಾದ ಮೇಲೆ ಸೋಲಮ್ಮ ಬಿಟ್ಟುಕೊಡುವುದನ್ನು ಬಿಡಲಿಲ್ಲ, ಕಾಣದ ಹಾಗೆ ಬಿಟ್ಟುಕೊಡುವುದನ್ನು ಕಲಿತಳು.

ಮುಂದೆ ಅದೇ ಅವಳ ಅನ್ನವಾಯಿತು. ನಮ್ಮ ಕಂಪನಿಗೆ ಹೆಸರು ತಂದದ್ದು ಊರೊಳಗೆ ಅಡ್ಡಾದಿಡ್ಡಿ ಕಾರು ಓಡಿಸುವ ಒಂದು ಆಟ. ಅದರಲ್ಲಿ ನೀವು ಕೆಂಪು ದೀಪ ದಾಟಿ ನುಗ್ಗಿದರೆ ಅಡ್ಡ ಬರುವ ಕಾರು ನಿಮ್ಮ ದಾರಿಯನ್ನು ಮೊದಲೇ ಲೆಕ್ಕ ಹಾಕಿ ಕೂದಲೆಳೆಯಷ್ಟು ನಿಧಾನವಾಗುತ್ತದೆ. ನೀವು ಬಚಾವಾಗುತ್ತೀರಿ. "ಅಬ್ಬ, ಹೇಗೆ ತಪ್ಪಿಸ್ಕೊಂಡೆ ನೋಡು" ಎಂದು ನಿಮ್ಮ ಬೆನ್ನು ನೀವೇ ತಟ್ಟಿಕೊಳ್ಳಬೇಕು. ಆ ಕಾರಿನವನು ಬಿಟ್ಟ ಎಂದು ಗೊತ್ತಾಗಬಾರದು. ಇದಕ್ಕೆ ಅವಳು ಇಟ್ಟ ಹೆಸರು ದಾಕ್ಷಿಣ್ಯ. ಕಂಪ್ಯೂಟರಿನಲ್ಲಿ ಅದೊಂದು ಅಂಕಿ. ಹತ್ತಕ್ಕೆ ಏರಿಸಿದರೆ ಊರಿಗೂರೇ ನಿಮಗೆ ದಾರಿ ಬಿಡುತ್ತದೆ, ಸೊನ್ನೆಗೆ ಇಳಿಸಿದರೆ ಯಾರಿಗೂ ಯಾರ ಹಂಗೂ ಇಲ್ಲ.

ಆಟ ಚೆನ್ನಾಗಿ ಓಡಿದ ಮೇಲೆ ಆಂಬುಲೆನ್ಸ್ ಇಲಾಖೆಯವರು ಬಂದರು. ಅವರದು ನ್ಯಾಯವಾದ ತಾಪತ್ರಯ. ಹೊಸ ಚಾಲಕರಿಗೆ ಗಾಡಿ ಓಡಿಸುವುದನ್ನು ರಸ್ತೆಯಲ್ಲೇ ಕಲಿಸಬಹುದು, ಆದರೆ ಸೈರನ್ ಹಾಕಿಕೊಂಡು ಕೆಂಪು ದೀಪ ದಾಟುವುದನ್ನು ರೋಗಿಯಿಲ್ಲದೆ ರಸ್ತೆಯಲ್ಲಿ ಕಲಿಸಲು ಕಾನೂನು ಬಿಡುವುದಿಲ್ಲ. ಅದಕ್ಕಾಗಿ ನಮ್ಮ ಆಟದ ಊರನ್ನೇ ತೆಗೆದು ಕಲಿಕೆಯ ಯಂತ್ರ ಮಾಡಿಕೊಟ್ಟೆವು. ಹಳೆಯ ಗಾಡಿಯೊಂದರ ಮುಂಭಾಗವನ್ನು ಕತ್ತರಿಸಿ ತಂದು, ಗಾಜಿನ ಜಾಗದಲ್ಲಿ ಪರದೆ ಕೂರಿಸಿದ ಆ ಸಾಮಾನಿಗೆ ನಾವು ಡಬ್ಬ ಎನ್ನುತ್ತಿದ್ದೆವು. ದಾಕ್ಷಿಣ್ಯದ ಅಂಕಿಯನ್ನು ಸೋಲಮ್ಮ ಎಲ್ಲರೆದುರಿಗೇ ಸೊನ್ನೆಗೆ ಇಳಿಸಿದಳು. ಅದರ ಜೊತೆಗೆ ನಮ್ಮ ಸಂಶೋಧನೆಯ ಮುಖ್ಯಸ್ಥರು, ನಾವು ಮೇಷ್ಟ್ರು ಎನ್ನುತ್ತಿದ್ದವರು, ಇನ್ನೊಂದು ಹೊಸದನ್ನು ಸೇರಿಸಿದರು. ಕಾರುಗಳಿಗೆ ಒಂದೊಂದೇ ನಿಯಮ ಬರೆಯುವ ಬದಲು, ಹಳೆಯ ಆಟದಲ್ಲಿ ವರ್ಷಗಟ್ಟಲೆ ಓಡಿದ ಕಾರುಗಳನ್ನು ನೋಡಿ ತಾವೇ ಓಡಾಟ ಕಲಿಯುವಂಥ ಬುದ್ಧಿ ಕೊಟ್ಟರು. ಮೇಷ್ಟ್ರು ಮಾತಿಗೆ ನಿಂತರೆ ನಿಲ್ಲಿಸುವವರಿಲ್ಲ. ಆ ಬುದ್ಧಿಯ ಬಗ್ಗೆ ಅವರು ಕೊಟ್ಟ ಭಾಷಣದಲ್ಲಿ ನಾನು ಎರಡು ಸಲ ನಿದ್ದೆ ಮಾಡಿ ಎದ್ದಿದ್ದೇನೆ.

ಪುಟ್ಟಿ ಆಂಬುಲೆನ್ಸ್ ಚಾಲಕಿಯಾಗಲು ಹೊರಟಾಗ ಅವಳ ಮನೆಯಲ್ಲಿ ಹಬ್ಬವೂ ಆಯಿತು, ಜಗಳವೂ ಆಯಿತು. ಅಷ್ಟು ಹೊತ್ತಿಗೆ ಅವಳು ಸಾಮಾನು ಸಾಗಿಸುವ ವ್ಯಾನು ಓಡಿಸಿ ಪಳಗಿದ್ದಳು. ಸಂಜೆ ನಮ್ಮ ಆಫೀಸಿಗೇ ಬಂದು ಡಬ್ಬದಲ್ಲಿ ಕೂತು ಅಭ್ಯಾಸ ಮಾಡುತ್ತಿದ್ದಳು, ನಾನು ಮಾಡಿದ ಸೈರನ್ ಸದ್ದಿಗೆ, "ಸದ್ದಪ್ಪಣ್ಣ, ಇದು ಬೆಕ್ಕು ಅಳೋ ಹಾಗಿದೆ" ಎಂದು ಮೂಗು ಮುರಿಯುತ್ತಿದ್ದಳು. ಪರೀಕ್ಷೆಯಲ್ಲಿ ಅವಳೇ ಮೊದಲು ಬಂದಳು. ಸೋಲಮ್ಮ ಆಫೀಸಿಗೆಲ್ಲ ಟೀ ಕೊಡಿಸಿದಳು. "ನಾನು ಏನೂ ಮಾಡ್ಲಿಲ್ಲ ಕಣೋ. ಸೊನ್ನೆಗಿಟ್ಟಿದ್ದೆ. ಅವಳೇ ಗೆದ್ದಳು" ಎಂದು ನನ್ನ ಕಿವಿಯಲ್ಲಿ ಹೇಳುವಾಗ ಅವಳ ಕಣ್ಣು ತುಂಬಿತ್ತು.

ಪುಟ್ಟಿ ಮೊದಲ ಸಲ ಒಬ್ಬಳೇ ಗಾಡಿ ಹಿಡಿಯುವ ದಿನ ಬಂತು. ಆವತ್ತು ಬೆಳಗ್ಗೆ ನನಗೊಂದು ಡಿಕ್ಕಿ ಬೇಕಿತ್ತು. ಕಾರಿನ ಪಕ್ಕಕ್ಕೆ ಆಂಬುಲೆನ್ಸ್ ಗುದ್ದುವ ಹೊಸ ಸದ್ದು ಮಾಡಿಟ್ಟಿದ್ದೆ, ಡಬ್ಬದಲ್ಲಿ ಕೇಳಿ ನೋಡಬೇಕಾಗಿತ್ತು.

"ಒಂದು ಕಾರಿಗೆ ಗುದ್ದಿ ತೋರಿಸೇ. ಕಂಬಕ್ಕೆ ಬೇಡ, ಕಂಬದ್ದು ಹಳೇ ಸದ್ದು," ಎಂದೆ.

ಸೋಲಮ್ಮ ಡಬ್ಬದಲ್ಲಿ ಕೂತು ಸೈರನ್ ಹಾಕಿ ಕೆಂಪು ದೀಪಕ್ಕೆ ನುಗ್ಗಿದಳು. ಅಡ್ಡ ಬಂದ ಕಾರು ಚೂರು ತಡೆದಂತಾಯಿತು, ನಾವು ಪಾರಾದೆವು. ಇನ್ನೊಂದು ಸಲ. ಈಗ ಬಸ್ಸು ಸ್ವಲ್ಪ ಅತ್ತ ವಾಲಿತು, ಪಾರಾದೆವು. "ನಿನಗೆ ಗುದ್ದೋಕೂ ಬರಲ್ವಲ್ಲೇ" ಎಂದು ನಾನು ಛೇಡಿಸಿದೆ. ಅವಳು ನಗುತ್ತಲೇ ಗಾಡಿಯನ್ನು ಎದುರು ಸಾಲಿಗೆ ತಿರುಗಿಸಿದಳು. ಕಾರುಗಳು ಯಾವ ಗಡಿಬಿಡಿಯೂ ಇಲ್ಲದೆ, ಏನೋ ತಮ್ಮ ಕೆಲಸಕ್ಕೆ ಹೊರಟವೆಂಬಂತೆ, ಇಬ್ಭಾಗವಾದವು. ಆಮೇಲೆ ಅವಳು ಕಣ್ಣು ಮುಚ್ಚಿಕೊಂಡು ಓಡಿಸಿದಳು. ಗಾಡಿ ಕೊನೆಗೆ ಹೋಗಿ ಬಡಿದದ್ದು ಒಂದು ಕಂಬಕ್ಕೆ.

ನಾನಿನ್ನೂ ನಗುತ್ತಿದ್ದೆ. ಅವಳು ನಗುತ್ತಿರಲಿಲ್ಲ. ಇಳಿದು ಬಂದು ಅಂಕಿ ನೋಡಿದಳು. ಸೊನ್ನೆಯೇ ಇತ್ತು.

ಮೇಷ್ಟ್ರು ಟೀ ಲೋಟದ ಸಮೇತ ಬಂದರು. "ಸೊನ್ನೆ ಇದೆಯಲ್ಲಮ್ಮ, ಇನ್ನೇನು," ಎಂದರು.

"ಸಾರ್, ಈ ಕಾರುಗಳು ಓಡೋದನ್ನ ಕಲಿತಿದ್ದು ಯಾರಿಂದ?"

"ಹಳೇ ಆಟದ ಕಾರುಗಳಿಂದ."

"ಆಗ ದಾಕ್ಷಿಣ್ಯ ಎಷ್ಟಿತ್ತು?"

ಮೇಷ್ಟ್ರ ಕೈಯಲ್ಲಿದ್ದ ಲೋಟ ಬಾಯಿಗೆ ಹೋಗಲಿಲ್ಲ. ಹಳೆಯ ಆಟದಲ್ಲಿ ಆ ಅಂಕಿ ಹತ್ತರ ಹತ್ತಿರವೇ ಇತ್ತು. ಹೊಸ ಕಾರುಗಳು ಎಡಕ್ಕೆ ಬಲಕ್ಕೆ ತಿರುಗುವುದನ್ನು ಕಲಿಯುವಾಗ ದಾರಿ ಬಿಡುವುದನ್ನೂ ಅದರೊಟ್ಟಿಗೇ ಕಲಿತುಬಿಟ್ಟಿದ್ದವು. ಈಗ ಅಂಕಿಯನ್ನು ಎಲ್ಲಿಗಿಟ್ಟರೇನು, ಅದು ಅವುಗಳ ನಡತೆಯೇ ಆಗಿಹೋಗಿತ್ತು. ಅಷ್ಟು ದಿನ ಯಾರಿಗೂ ಅನುಮಾನ ಬಂದಿರಲಿಲ್ಲ. ಕಲಿಯುವವರು ಕಂಬಕ್ಕೆ, ರಸ್ತೆ ನಡುವಿನ ಗೋಡೆಗೆ ಗುದ್ದುತ್ತಿದ್ದರು. ಕಾರಿಗೆ ಗುದ್ದದಿದ್ದರೆ ಕಲಿಕೆ ಚೆನ್ನಾಗಿದೆ ಎಂದು ನಾವೆಲ್ಲ ಬೀಗುತ್ತಿದ್ದೆವು.

"ಇವತ್ತು ಪುಟ್ಟಿದು ಮೊದಲನೇ ದಿನ," ಎಂದಳು ಸೋಲಮ್ಮ. ಆಮೇಲೆ ಇನ್ನೊಂದು ಸಲ ಅದನ್ನೇ ಹೇಳಿದಳು.

ಪುಟ್ಟಿಯ ಫೋನು ಕೆಲಸದ ಹೊತ್ತಿನಲ್ಲಿ ಪೆಟ್ಟಿಗೆಯೊಳಗೆ ಬೀಗ ಹಾಕಿಟ್ಟಿರುತ್ತದೆ. ಆಂಬುಲೆನ್ಸ್ ಕೇಂದ್ರದ ಫೋನಿಗೆ ಎಷ್ಟು ಸಲ ಮಾಡಿದರೂ ಬಿಡುವಿರಲಿಲ್ಲ. ನನ್ನ ಸ್ಕೂಟರಿನಲ್ಲಿ ಅಲ್ಲಿಗೇ ಹೊರಟೆವು. ದಾರಿಯುದ್ದಕ್ಕೂ ಅವಳು ಹಿಂದೆ ಕೂತು ನನ್ನ ಭುಜ ಹಿಚುಕುತ್ತಿದ್ದಳು. "ನೋಡೋ, ಯಾವನೂ ಬಿಡ್ತಿಲ್ಲ. ನೋಡು ಆ ವ್ಯಾನಿನವನು. ಒಬ್ಬನೂ ಬಿಡ್ತಿಲ್ಲ." ಅದೇನು ಅವತ್ತಿನ ವಿಶೇಷವಲ್ಲ, ಜನ ದಿನಾ ಹಾಗೇ ಓಡಿಸುವುದು. ಅಷ್ಟರಲ್ಲಿ ಹಿಂದಿನಿಂದ ಯಾವುದೋ ಆಂಬುಲೆನ್ಸಿನ ಸದ್ದು ಕೇಳಿತು. ಕೆಲವರು ಪಕ್ಕಕ್ಕೆ ಸರಿದರು, ಕೆಲವರು ಕಿವಿ ಕೇಳದವರಂತೆ ಇದ್ದರು, ಒಬ್ಬ ಟ್ಯಾಕ್ಸಿಯವನು ಅದರ ಬಾಲ ಹಿಡಿದು ತಾನೂ ಸಿಗ್ನಲ್ ದಾಟಿಕೊಂಡ. ಅವನನ್ನು ನಾನು ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ. ಆ ಗಾಡಿಯಲ್ಲಿ ಇದ್ದದ್ದು ಪುಟ್ಟಿಯಲ್ಲ, ಹಿರಿಯ ಚಾಲಕನೊಬ್ಬ.

ಕೇಂದ್ರದ ರೇಡಿಯೋ ಕೋಣೆ ಚಿಕ್ಕದು. ಗೋಡೆಯ ಪರದೆಯಲ್ಲಿ ಊರಿನ ನಕ್ಷೆ, ಅದರ ಮೇಲೆ ಗಾಡಿಗಳೆಲ್ಲ ಹಸಿರು ಚುಕ್ಕೆಗಳಾಗಿ ಹರಿದಾಡುತ್ತಿದ್ದವು. ಪಾಳಿಯ ಮೇಲ್ವಿಚಾರಕರು ತಾವೇ ಬಹಳ ಕಾಲ ಆಂಬುಲೆನ್ಸ್ ಓಡಿಸಿದ್ದವರು. ಸೋಲಮ್ಮ ಉಸಿರು ಕಟ್ಟಿಕೊಂಡು ಹೇಳಿದ್ದನ್ನು ಪೂರ್ತಿ ಕೇಳಿದರು. ಅವರ ಮುಖ ಗಂಟಿಕ್ಕಿತು.

"ಯಂತ್ರ ಸರಿಯಾಗಿದೆ ಅಂತ ಬರೆದುಕೊಟ್ಟವರೇ ನೀವಲ್ವೇನಮ್ಮ?"

"ಹೌದು ಸಾರ್. ತಪ್ಪು ನನ್ನದೇ. ಈಗ ಅವಳನ್ನ ನಿಲ್ಲಿಸಿ."

"ಎಲ್ಲಿ ನಿಲ್ಲಿಸಲಿ? ಎದೆನೋವಿನ ಅಜ್ಜ ಒಳಗಿದಾರೆ, ಪಕ್ಕದಲ್ಲಿ ಅವರ ಹೆಂಡತಿ, ಒಬ್ಬ ನರ್ಸ್. ಗಾಡಿ ಆಸ್ಪತ್ರೆ ದಾರಿ ಹಿಡಿದಾಯ್ತು." ಅವರು ಪರದೆಯ ಮೇಲಿನ ಒಂದು ಚುಕ್ಕೆಗೆ ಬೆರಳಿಟ್ಟರು. ಅದು ದೊಡ್ಡ ಸರ್ಕಲ್ಲಿನ ಕಡೆಗೆ ಓಡುತ್ತಿತ್ತು. ಸರ್ಕಲ್ಲಿಗೆ ನಾಲ್ಕೂ ಕಡೆಯಿಂದ ಲಾರಿ ಬಸ್ಸು ಬೀಳುತ್ತವೆ. "ನಿಮ್ಮಲ್ಲಿ ಕಲಿತ ಉಳಿದವರನ್ನ ನಾನು ತಡೀತೀನಿ. ಇವಳಿಗೆ ಏನು ಹೇಳೋದು? ನೀನು ಕಲಿತಿದ್ದು ಸುಳ್ಳು ಅಂತ ನಡುದಾರೀಲಿ ಹೇಳಿದ್ರೆ ಕೈ ನಡುಗುತ್ತೆ. ಹೇಳದೇ ಇದ್ರೆ ನುಗ್ತಾಳೆ."

ಅವರು ಮೈಕನ್ನು ಅವಳ ಕಡೆ ತಳ್ಳಿದರು. "ನಿಮ್ಮ ತಂಗಿ. ನೀವೇ ಹೇಳಿ. ಉದ್ದ ಎಳೀಬೇಡಿ."

ಸೋಲಮ್ಮ ಮೈಕ್ ಹಿಡಿದಳು. "ಪುಟ್ಟಿ, ನಾನು. ನಿಧಾನ ಮಾಡು."

ಸೈರನ್ನಿನ ನಡುವೆ ಪುಟ್ಟಿಯ ದನಿ ಬಂತು, ರೇಗಿದ ದನಿ. "ಅಕ್ಕಾ? ನೀನ್ಯಾಕೆ ಅಲ್ಲಿದೀಯಾ? ರೋಗಿ ಇದಾರೆ, ನಿಧಾನ ಮಾಡೋಕಾಗಲ್ಲ."

"ಸರ್ಕಲ್ಲಲ್ಲಿ ನಿಲ್ಲಿಸಿ ನೋಡ್ಕೊಂಡು ಹೋಗು."

"ನಿಲ್ಲಿಸೋದು ಯಾಕೆ? ಡಬ್ಬದಲ್ಲಿ ಎಷ್ಟು ಸಲ ದಾಟಿಲ್ಲ ನಾನು? ಫಸ್ಟ್ ಬಂದಿದೀನಿ ಅಕ್ಕಾ, ನನಗೆ ಗೊತ್ತು. ಮೈಕ್ ಬಿಡು."

ಚುಕ್ಕೆ ಸರ್ಕಲ್ಲಿಗೆ ಇನ್ನೂ ಹತ್ತಿರವಾಯಿತು. ಸೋಲಮ್ಮ ನನ್ನ ಮುಖ ನೋಡಿದಳು. ಅವಳು ಹೇಳಬೇಕಾದ ಮಾತು ಏನೆಂದು ನನಗೆ ಗೊತ್ತಾಯಿತು, ಅದು ಅವಳಿಗೆ ಎಷ್ಟು ತುಟ್ಟಿ ಎಂಬುದೂ ಗೊತ್ತಾಯಿತು. ಬದುಕಿನುದ್ದಕ್ಕೂ ಮುಚ್ಚಿಟ್ಟುಕೊಂಡು ಬಂದ ಒಂದೇ ಒಂದು ಗುಟ್ಟು ಅದು.

"ಪುಟ್ಟಿ, ಡಬ್ಬದಲ್ಲಿ ನೀನು ಗೆದ್ದಿಲ್ಲ. ಕಾರುಗಳು ಬಿಟ್ಕೊಟ್ವು. ನಾನು ಬಿಟ್ಕೊಡೋ ಹಾಗೆ ಮಾಡಿಟ್ಟಿದ್ದೆ. ಚಿಕ್ಕಂದಿನ ಹಾಗೆ. ಹೊರಗಡೆ ಯಾರೂ ಬಿಡಲ್ಲ."

ರೇಡಿಯೋ ತೆರೆದೇ ಇತ್ತು, ಸೈರನ್ ಒಂದೇ ಸಮನೆ ಅರಚುತ್ತಿತ್ತು. ಹಿಂದಿನಿಂದ ನರ್ಸು ಏನೋ ಕೇಳಿದ್ದು ಅರೆಬರೆ ಕೇಳಿಸಿತು. ಆಮೇಲೆ ಟೈರು ಕಿರುಚಿತು. ಏನೋ ಸಾಮಾನು ಧಡಲ್ಲನೆ ಉರುಳಿತು. ವಯಸ್ಸಾದ ಹೆಂಗಸೊಬ್ಬರು ಚೀರಿದರು. ಅದೇ ಹೊತ್ತಿಗೆ ಭಾರಿ ಹಾರ್ನೊಂದು ಹತ್ತಿರ ಬಂದು, ಇನ್ನೂ ಹತ್ತಿರ ಬಂದು, ಕೋಣೆಯನ್ನೆಲ್ಲ ತುಂಬಿಕೊಂಡಿತು.

ಸೋಲಮ್ಮ ಕಿವಿ ಮುಚ್ಚಿಕೊಂಡಳು. ಮೇಲ್ವಿಚಾರಕರು ಎದ್ದು ನಿಂತಿದ್ದರು. ನನ್ನ ಕಿವಿ ಮಾತ್ರ ತನ್ನ ಕೆಲಸ ಬಿಡಲಿಲ್ಲ. ಡಿಕ್ಕಿಯ ಸದ್ದು ಹೇಗಿರುತ್ತದೆಂದು ವಾರಗಟ್ಟಲೆ ತಲೆ ಕೆಡಿಸಿಕೊಂಡವನು ನಾನು. ಮೊದಲು ತಗಡು, ಆಮೇಲೆ ಗಾಜು. ಕಾದೆ. ತಗಡೂ ಬರಲಿಲ್ಲ, ಗಾಜೂ ಬರಲಿಲ್ಲ. ಹಾರ್ನು ಹಾಗೆಯೇ ಅತ್ತ ಕಡೆಗೆ ಹೋಗಿ ಸಣ್ಣದಾಯಿತು.

"ತಾಗಿಲ್ಲ ಕಣೇ," ಎಂದೆ. ಅವಳಿಗೆ ಕೇಳಿಸಲಿಲ್ಲ. ಕೈ ಹಿಡಿದು ಕಿವಿಯಿಂದ ತೆಗೆಸಿ ಮತ್ತೆ ಹೇಳಿದೆ, "ತಾಗಿಲ್ಲ."

ಆಗ ಪುಟ್ಟಿ ಮಾತಾಡಿದಳು. ಅಕ್ಕನೊಂದಿಗಲ್ಲ. "ಸಾರ್, ಲಾರಿ ದಾಟಿ ಹೋಯ್ತು. ಎಲ್ಲರೂ ಸರಿಯಾಗಿದಾರೆ. ಹೊರಟ್ವಿ."

ಅಜ್ಜ ಆಸ್ಪತ್ರೆ ಸೇರಿದರು, ಬದುಕಿದರು. ಪುಟ್ಟಿ ಕೇಂದ್ರಕ್ಕೆ ಮರಳಿದಾಗ ಸೋಲಮ್ಮ ಗೇಟಿನ ಪಕ್ಕದಲ್ಲೇ ನಿಂತಿದ್ದಳು. ಪುಟ್ಟಿ ಇಳಿದು ಅವಳ ಮುಂದೆಯೇ ಹಾದು, ಬೀಗದ ಕೈಯನ್ನು ಮೇಲ್ವಿಚಾರಕರಿಗೆ ಕೊಟ್ಟು, ಕೈ ತೊಳೆಯಲು ನಲ್ಲಿಯ ಹತ್ತಿರ ಹೋದಳು. ತುಂಬ ಹೊತ್ತು ತೊಳೆದಳು. ಆಮೇಲೆ ನನ್ನ ಬಳಿ ಬಂದು, "ಸದ್ದಪ್ಪಣ್ಣ, ಚಿಕ್ಕಂದಿನ ಆಟ ಎಲ್ಲಾ ಹಾಗೇನಾ, ಕೇಳಿ ಅವರನ್ನ" ಎಂದಳು. ಅವರನ್ನ ಎಂದದ್ದು ಒಂದು ಮಾರು ದೂರದಲ್ಲಿದ್ದ ಅಕ್ಕನಿಗೆ.

"ಎಲ್ಲಾ," ಎಂದಳು ಸೋಲಮ್ಮ.

ಪುಟ್ಟಿ ತಲೆಯಾಡಿಸಿ ಒಳಗೆ ಹೋದಳು.

ಮಾರನೆಯ ದಿನ ಕಂಪನಿಯಲ್ಲಿ ಆದ ರಾದ್ಧಾಂತವನ್ನು ವರ್ಣಿಸುತ್ತ ಕೂರುವುದಿಲ್ಲ. ಯಜಮಾನರು ಸದ್ದಿಲ್ಲದೆ ಸರಿಪಡಿಸೋಣ ಎಂದರು. ಸೋಲಮ್ಮ ಒಪ್ಪಲಿಲ್ಲ. ಡಬ್ಬದಲ್ಲಿ ಕಲಿತವರನ್ನೆಲ್ಲ ಕರೆಸಿ ಅವರ ಮುಂದೆ ನಿಂತು, "ನೀವು ಪಾಸಾಗಿಲ್ಲ. ನಾನು ಪಾಸು ಮಾಡಿಸಿದ್ದು" ಎಂದಳು. ಒಬ್ಬ ಚೆನ್ನಾಗಿ ಬೈದ, ಅವಳು ಬೈಸಿಕೊಂಡಳು. ಆ ಸಾಲಿನಲ್ಲಿ ಪುಟ್ಟಿಯೂ ಕೂತಿದ್ದಳು, ಮುಖ ಎತ್ತಲಿಲ್ಲ. ಮೇಷ್ಟ್ರು ಭಾಷಣ ಬಿಟ್ಟು ಕೆಲಸಕ್ಕೆ ಕೂತರು. ಕಾರುಗಳು ಕಲಿತದ್ದನ್ನೆಲ್ಲ ಅಳಿಸಿ, ಊರಿನ ಸಿಗ್ನಲ್ಲುಗಳಲ್ಲಿ ಕ್ಯಾಮೆರಾ ಇಟ್ಟು ಹಿಡಿದ ನಿಜವಾದ ಓಡಾಟವನ್ನು ತೋರಿಸಿ ಮತ್ತೆ ಮೊದಲಿನಿಂದ ಕಲಿಸಿದರು. ಈಗ ಅವುಗಳಲ್ಲಿ ದಾರಿ ಬಿಡುವವೂ ಇದ್ದವು, ಬಿಡದವೂ ಇದ್ದವು, ಬಾಲ ಹಿಡಿದು ಬರುವ ಟ್ಯಾಕ್ಸಿಯೂ ಇತ್ತು. ಅದನ್ನು ಕಂಡು ನನಗೆ ಹಳೆಯ ಸಿಟ್ಟೆಲ್ಲ ಮರುಕಳಿಸಿತು.

ಅಷ್ಟು ಕಾಲವೂ ಮನೆಯಲ್ಲಿ ಪುಟ್ಟಿ ಅಕ್ಕನೊಂದಿಗೆ ಮಾತಾಡಲಿಲ್ಲ. ವಯಸ್ಸಾದ ತಾಯಿಗೆ ಮತ್ತೆ "ಅಮ್ಮಾ, ಅವರಿಗೆ ಹೇಳು" ಎಂಬ ಕೆಲಸ ಬಂತು. ಸೋಲಮ್ಮ ಆಫೀಸಿನಲ್ಲಿ ಊಟದ ಡಬ್ಬಿ ತೆರೆಯುವುದು, ಮುಚ್ಚುವುದು, ಅಷ್ಟೇ ಮಾಡುತ್ತಿದ್ದಳು. ತಂಗಿಯನ್ನು ಬೈಯೋಣವೆಂದರೆ ಅವಳದು ತಪ್ಪೆಲ್ಲಿ?

ಹೊಸ ಡಬ್ಬದಲ್ಲಿ ಮೊದಲು ಕೂರಲು ಪುಟ್ಟಿಯೇ ಬಂದಳು. ಯಾರೂ ಕರೆದಿರಲಿಲ್ಲ. "ಸದ್ದಪ್ಪಣ್ಣ, ಶುರು ಮಾಡಕ್ಕೆ ಹೇಳಿ," ಎಂದು ಬೆಲ್ಟು ಬಿಗಿದುಕೊಂಡಳು. ಸೋಲಮ್ಮ ಪಕ್ಕದ ಮೇಜಿನ ಮುಂದೆ ಕೂತಳು. ದಾಕ್ಷಿಣ್ಯದ ಅಂಕಿ ಈಗಲೂ ಅಲ್ಲೇ ಇತ್ತು, ಬೆರಳಿಗೆ ಸಿಗುವಷ್ಟು ಹತ್ತಿರ.

ಮೊದಲ ಸರ್ಕಲ್ಲಿನಲ್ಲೇ ಪುಟ್ಟಿ ಕಾರೊಂದಕ್ಕೆ ಗುದ್ದಿದಳು. ನಾನು ಮಾಡಿದ್ದ ಸದ್ದು ಕೊನೆಗೂ ಕೇಳಿತು. ಮೊದಲು ತಗಡು, ಆಮೇಲೆ ಗಾಜು. ನನಗೆ ಬೇಡವೆನಿಸಿತು. ಮತ್ತೆ ಹೊರಟಳು, ಬಸ್ಸಿಗೆ ಗುದ್ದಿದಳು. ಮತ್ತೆ ಹೊರಟಳು. ಅವಳ ಕುತ್ತಿಗೆಯಲ್ಲಿ ಬೆವರಿಳಿಯುತ್ತಿತ್ತು, ಮೂಗು ಕೆಂಪಾಗಿತ್ತು, ಇನ್ನೇನು ಅಳುತ್ತಾಳೆ ಎನಿಸುವಂತಿದ್ದಳು. ಸೋಲಮ್ಮನ ಬೆರಳು ತಾನಾಗಿಯೇ ಆ ಅಂಕಿಯ ಕಡೆ ಹೋಯಿತು. ಸ್ವಲ್ಪ, ಒಂದೇ ಒಂದು ಅಂಕಿ ಏರಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಾನು ನೋಡುತ್ತಿದ್ದೆ. ಅವಳು ಕೈಯನ್ನು ಹಿಂದಕ್ಕೆಳೆದುಕೊಂಡು, ಎರಡೂ ಅಂಗೈಗಳನ್ನು ತೊಡೆಯಡಿಗೆ ತೂರಿಸಿ ಅವುಗಳ ಮೇಲೆ ಕೂತುಬಿಟ್ಟಳು. ಅವಳ ಕೆನ್ನೆ ಒದ್ದೆಯಾಗಿತ್ತು.

ಪುಟ್ಟಿ ಮತ್ತೆ ಹೊರಟಳು. ಸರ್ಕಲ್ಲು ಬಂತು, ಕೆಂಪು ದೀಪ, ಸೈರನ್. ಎಡದಿಂದ ಲಾರಿಯೊಂದು ಬರುತ್ತಿತ್ತು, ವೇಗ ಇಳಿಸುತ್ತಿರುವಂತೆಯೂ ಕಂಡಿತು. ಪುಟ್ಟಿ ಬ್ರೇಕ್ ಒತ್ತಿ ನಿಂತಳು. ಚಕ್ರಗಳತ್ತ ನೋಡಿದಳು, ಚಾಲಕನತ್ತ ನೋಡಿದಳು. ಲಾರಿ ಪೂರ್ತಿ ನಿಂತಿತು. ಆಮೇಲೆ ದಾಟಿದಳು.

ಸೋಲಮ್ಮನಿಗೆ ತಡೆಯಲಾಗಲಿಲ್ಲ. "ಅವನು ನಿಧಾನ ಮಾಡ್ತಿದ್ನಲ್ಲೇ. ಆಗಲೇ ಹೋಗಬಹುದಿತ್ತು."

"ಮಾಡ್ತಿದ್ದ," ಎಂದಳು ಪುಟ್ಟಿ, ಪರದೆಯಿಂದ ಕಣ್ಣು ತೆಗೆಯದೆ, ಗೇರು ಬದಲಿಸುತ್ತ. "ಆದ್ರೆ ಅವನೇನು ನಮ್ಮಕ್ಕನಾ?"